ಬೇಲಿ ಯಾರು ಹಾಕಬೇಕು? ಅಮೆರಿಕದ ಬಯಲಲ್ಲಿ ಹಂಚಿಕೊಂಡು ಮೇಯಿಸುವ ಲೆಕ್ಕ

ಕೊಲೊರಾಡೊದಲ್ಲಿ ಯಾರೋ ಒಬ್ಬರು ಪಟ್ಟಣದ ಸಹವಾಸ ಸಾಕಾಗಿ 35 ಎಕರೆ ಜಮೀನು ಕೊಂಡು ಮನೆ ಕಟ್ಟಿಕೊಂಡರು ಅಂದುಕೊಳ್ಳಿ. ಎದುರಿಗೆ ಬೆಟ್ಟ, ಹಿಂದೆ ಬಯಲು. ಬಾಗಿಲ ಮುಂದೆ ಆಸೆಯಿಂದ ನಾಲ್ಕು ಹೂಗಿಡ ನೆಟ್ಟಿದ್ದಾರೆ. ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ಹತ್ತು ಹನ್ನೆರಡು ಹಸುಗಳು ಅಂಗಳದಲ್ಲಿ ನಿಂತಿವೆ. ಹೂಗಿಡದ ಬುಡ ಮಾತ್ರ ಉಳಿದಿದೆ. ಸಿಟ್ಟು ಬಂದು ಶೆರಿಫ್ ಕಚೇರಿಗೆ ಫೋನ್ ಮಾಡುತ್ತಾರೆ. ಆ ಕಡೆಯಿಂದ ಬಂದ ಉತ್ತರ ಕೇಳಿ ಸಿಟ್ಟು ಇನ್ನೂ ಏರುತ್ತದೆ: ‘ದನ ಬರಬಾರದು ಅಂದ್ರೆ ಬೇಲಿ ನೀವೇ ಹಾಕ್ಕೋಬೇಕು.’

ಇದು ಅಧಿಕಾರಿಯ ಉಡಾಫೆ ಅಲ್ಲ. ಕಾನೂನೇ ಹಾಗಿದೆ. ಮೊಂಟಾನಾ, ವಯೋಮಿಂಗ್, ಕೊಲೊರಾಡೊ, ನೆವಾಡಾ, ಅರಿಜೋನಾ, ಹೀಗೆ ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಪಟ್ಟಣ ದಾಟಿ ಹೊರಗೆ ಹೋದರೆ ಬಹಳಷ್ಟು ಕಡೆ ‘ಓಪನ್ ರೇಂಜ್’ ಪದ್ಧತಿ ಇದೆ. ಅಲ್ಲಿ ದನವನ್ನು ತಡೆದಿಡುವ ಹೊಣೆ ದನದ ಮಾಲೀಕನದ್ದಲ್ಲ. ದನ ಬೇಡ ಅನ್ನುವವನು ತನ್ನ ಜಮೀನಿಗೆ ತಾನೇ ಬೇಲಿ ಹಾಕಿಕೊಳ್ಳಬೇಕು. ಅದೂ ಸುಮ್ನೆ ನಾಲ್ಕು ಗೂಟ ನೆಟ್ಟರೆ ಆಗುವುದಿಲ್ಲ. ಅರಿಜೋನಾದ ಕಾನೂನಿನಲ್ಲಿ ಬೇಲಿಗೆ ಅಳತೆಯೇ ಇದೆ: ಮುಳ್ಳುತಂತಿಯ ನಾಲ್ಕು ಎಳೆ ಇರಬೇಕು, ಮೇಲಿನ ಎಳೆ ನೆಲದಿಂದ 50 ಇಂಚು ಎತ್ತರದಲ್ಲಿರಬೇಕು. ಅಂಥ ಬೇಲಿಯನ್ನೂ ಮುರಿದು ದನ ನುಗ್ಗಿದರೆ ಆಗ ನಷ್ಟ ಕೇಳಬಹುದು. ರಸ್ತೆಯಲ್ಲೂ ಇದೇ ಕಥೆ. ಓಪನ್ ರೇಂಜ್‌ನಲ್ಲಿ ಹಾದುಹೋಗುವ ಹೆದ್ದಾರಿಯಲ್ಲಿ ರಾತ್ರಿ ಹೊತ್ತು ಕಾರು ಹಸುವಿಗೆ ಗುದ್ದಿದರೆ, ಕೆಲವು ರಾಜ್ಯಗಳಲ್ಲಿ ಕಾರಿನವನೇ ಹಸುವಿನ ಬೆಲೆ ತೆರಬೇಕಾಗಿ ಬರಬಹುದು.

ಇಂಗ್ಲೆಂಡಿನಿಂದ ಬಂದ ಹಳೆಯ ಕಾನೂನು ಇದಕ್ಕೆ ತಿರುಗುಮುರುಗು. ಅಲ್ಲಿ ನಿನ್ನ ದನವನ್ನು ನೀನು ಕಾಯಬೇಕು, ಪಕ್ಕದವನ ಹೊಲಕ್ಕೆ ಹೋದರೆ ದಂಡ ಕಟ್ಟಬೇಕು. ಪಶ್ಚಿಮಕ್ಕೆ ಬಂದವರು ಅದನ್ನು ಉಲ್ಟಾ ಮಾಡಿದರು. ಬಯಲು ಕಣ್ಣು ಹಾಯುವಷ್ಟು ದೂರಕ್ಕೂ ಚಾಚಿತ್ತು, ಬೇಲಿ ಹಾಕೋಣ ಅಂದರೆ ಮರವೇ ಇರಲಿಲ್ಲ. ಬೆಳೆ ಬೆಳೆಯುವವರು ಜಾಸ್ತಿಯಾದ ಕಡೆ ಮಾತ್ರ ಜನ ಸೇರಿ ‘ಹರ್ಡ್ ಡಿಸ್ಟ್ರಿಕ್ಟ್’ ಮಾಡಿಕೊಂಡು ನಿಯಮವನ್ನು ಮತ್ತೆ ತಿರುಗಿಸಿದರು, ಅಲ್ಲಿ ದನವನ್ನು ತಡೆದಿಡುವ ಹೊಣೆ ಮಾಲೀಕನದ್ದೇ. ಹಾಗಾಗಿ ಇವತ್ತಿಗೂ ಈ ನಕ್ಷೆ ತೇಪೆ ಹಾಕಿದ ಕೌದಿಯ ಥರ ಇದೆ. ಜಮೀನು ಕೊಳ್ಳುವ ಮೊದಲು ಅದು ಯಾವ ತೇಪೆಯಲ್ಲಿದೆ ಅಂತ ಕೌಂಟಿ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೇದು.

ಓಪನ್ ಅಂದರೆ ಯಾರದ್ದೂ ಅಲ್ಲ ಅಂತ ಅರ್ಥ ಅಲ್ಲ. ಗೋಮಾಳದ ಹಾಗೆ ಊರಿಗೆ ಸೇರಿದ ಒಂದೇ ತುಂಡು ಅಂತಲೂ ಅಲ್ಲ. ನೋಡೋದಕ್ಕೆ ಒಂದೇ ಬಯಲು. ಆದರೆ ಕಾಗದದ ಮೇಲೆ ಒಂದು ತುಂಡು ಖಾಸಗಿಯವರದ್ದು, ಪಕ್ಕದ್ದು ಕೇಂದ್ರ ಸರ್ಕಾರದ್ದು, ಇನ್ನೊಂದು ಶಾಲೆಗಳ ಖರ್ಚಿಗೆಂದು ರಾಜ್ಯಕ್ಕೆ ಬಿಟ್ಟುಕೊಟ್ಟದ್ದು, ಮತ್ತೊಂದು ರೈಲ್ವೆ ಕಂಪನಿಯದ್ದು. ಹಸುವಿಗೆ ಈ ಗೆರೆಗಳು ಕಾಣುವುದಿಲ್ಲ. ಹುಲ್ಲು ಎಲ್ಲಿದೆಯೋ ಅಲ್ಲಿಗೆ ಅದು ಹೋಗುತ್ತದೆ. ಹಾಗಾದರೆ ಬೇಲಿಯೇ ಇಲ್ಲದ ಇಂಥ ಬಯಲನ್ನು ಹತ್ತಾರು ಜನ ಜಗಳವಾಡದೆ, ಹುಲ್ಲನ್ನೂ ಸಾಯಿಸದೆ ಹೇಗೆ ಬಳಸುತ್ತಾರೆ? ಬೇಲಿ ಮಾಡಬೇಕಾದ ಕೆಲಸವನ್ನು ಅಲ್ಲಿ ಲೆಕ್ಕದ ಪುಸ್ತಕ ಮಾಡುತ್ತದೆ. ಆ ಪುಸ್ತಕ ಬರುವ ಮೊದಲು ಬಯಲು ಒಂದು ಸಲ ಹಾಳಾಗಿಯೂ ಹೋಗಿತ್ತು.

ಮೊದಲು ಒಣ ನೆಲದ ಗಣಿತ ನೋಡೋಣ. ಕರು ಹಾಕಿದ ಒಂದು ಹಸುವಿಗೆ ದಿನಕ್ಕೆ ಸುಮಾರು 26 ಪೌಂಡ್ ಒಣ ಮೇವು ಬೇಕು, ಅಂದರೆ ಹೆಚ್ಚುಕಡಿಮೆ 12 ಕಿಲೋ. ಮಳೆ ಚೆನ್ನಾಗಿ ಬೀಳುವ ಕಡೆ ಇಷ್ಟು ಹುಲ್ಲು ಒಂದೆರಡು ಎಕರೆಯಲ್ಲೇ ಸಿಕ್ಕಿಬಿಡುತ್ತದೆ. ಪಶ್ಚಿಮದ ಒಣ ಬಯಲಲ್ಲಿ ಒಂದು ಹಸುವನ್ನು ವರ್ಷವಿಡೀ ಸಾಕಲು 40 ಎಕರೆ ಬೇಕಾಗಬಹುದು. ಮರುಭೂಮಿಯ ಅಂಚಿಗೆ ಹೋದರೆ 100 ಎಕರೆಗೂ ಜಾಸ್ತಿ. ಈಗ 1862ರ ಹೋಮ್‌ಸ್ಟೆಡ್ ಕಾಯ್ದೆ ನೆನಪಿಸಿಕೊಳ್ಳಿ. ಬಂದು ನೆಲೆಸಿ ಉಳುಮೆ ಮಾಡಿದವನಿಗೆ ಸರ್ಕಾರ 160 ಎಕರೆ ಕೊಡುತ್ತಿತ್ತು. ಕೇಳೋದಕ್ಕೆ ದೊಡ್ಡ ಆಸ್ತಿ. ಎಕರೆ ಲೆಕ್ಕ ಹಾಕಿದರೆ ನಾಲ್ಕು ಹಸು! ನಾಲ್ಕು ಹಸು ಕಟ್ಟಿಕೊಂಡು ಯಾರು ತಾನೇ ಸಂಸಾರ ನಡೆಸುತ್ತಾರೆ?

ಇದನ್ನು ಮೊದಲೇ ಕಂಡವನು ಜಾನ್ ವೆಸ್ಲಿ ಪೊವೆಲ್. ಅಂತರ್ಯುದ್ಧದಲ್ಲಿ ಬಲಗೈ ಕಳೆದುಕೊಂಡವನು, 1869ರಲ್ಲಿ ದೋಣಿಗಳಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಹಾದುಬಂದವನು. 1878ರಲ್ಲಿ ಅವನು ಒಣ ಪ್ರದೇಶದ ಬಗ್ಗೆ ಸರ್ಕಾರಕ್ಕೆ ಒಂದು ವರದಿ ಕೊಟ್ಟ. ದನ ಸಾಕುವ ಕುಟುಂಬಕ್ಕೆ 160 ಎಕರೆ ಸಾಲದು, 2,560 ಎಕರೆ ಬೇಕು ಅಂದ. ಇಷ್ಟು ನೆಲಕ್ಕೆ ಒಬ್ಬೊಬ್ಬರೂ ಬೇಲಿ ಹಾಕುವುದು ಆಗದ ಮಾತು, ಆದ್ದರಿಂದ ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು ಮನೆಯವರು ಸೇರಿ ಒಂದು ಮೇವಿನ ಜಿಲ್ಲೆ ಮಾಡಿಕೊಳ್ಳಲಿ, ದನಗಳು ಒಟ್ಟಿಗೆ ಮೇಯಲಿ, ಪ್ರತಿ ಮನೆಗೂ ಹೊಳೆ ದಡದಲ್ಲಿ ಒಂದು ಪಾಲು, ಸ್ವಲ್ಪ ನೀರಾವರಿ ಜಮೀನು ಸಿಗಲಿ ಅಂತಲೂ ಬರೆದ. ನನಗೆ ಇಡೀ ವರದಿಯಲ್ಲಿ ಇಷ್ಟವಾಗುವುದು ಆ ಹೊಳೆ ದಡದ ಮಾತು. ಒಣ ನೆಲದಲ್ಲಿ ಎಕರೆಗೆ ಬೆಲೆಯಿಲ್ಲ, ನೀರಿಗಿದೆ. ಒಂದೇ ಒಂದು ಬುಗ್ಗೆ ಕೈಯಲ್ಲಿದ್ದವನಿಗೆ ಸುತ್ತಲಿನ ಹತ್ತು ಸಾವಿರ ಎಕರೆ ಕೈಯಲ್ಲಿದ್ದ ಹಾಗೆ. ಅಮೆರಿಕದ ಸಂಸತ್ತು ಅವನ ಮಾತು ಕೇಳಲಿಲ್ಲ.

ಕೇಳದಿದ್ದದ್ದರ ಫಲ ಬೇಗ ಸಿಕ್ಕಿತು. 1880ರ ದಶಕದ ಹೊತ್ತಿಗೆ ದನದ ವ್ಯಾಪಾರಕ್ಕೆ ಹೊರಗಿನ ಹಣವೆಲ್ಲ ಹರಿದುಬಂತು. ಬಯಲಿನ ಹುಲ್ಲಿಗೆ ಬಾಡಿಗೆ ಇಲ್ಲ, ಎಣಿಕೆ ಇಲ್ಲ. ಯಾರ ದನ ಮೊದಲು ತಲುಪಿತೋ ಅವರ ಪಾಲು. ನೀನು ಹುಲ್ಲು ಉಳಿಸಿದರೆ ನಾಳೆ ಪಕ್ಕದವನ ದನ ಅದನ್ನು ತಿಂದು ಹೋಗುತ್ತದೆ, ಮತ್ತೆ ಯಾಕೆ ಉಳಿಸಬೇಕು? ಇತ್ತ 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದಿದ್ದ. ಬಲ ಇದ್ದವರು ಸರ್ಕಾರಿ ನೆಲಕ್ಕೂ ತಂತಿ ಎಳೆದುಬಿಟ್ಟರು. ಅದನ್ನು ನಿಷೇಧಿಸಲು 1885ರಲ್ಲಿ ಬೇರೆ ಕಾಯ್ದೆಯನ್ನೇ ತರಬೇಕಾಯಿತು. 1886ರ ಬೇಸಿಗೆಯಲ್ಲಿ ಮಳೆ ಕೈಕೊಟ್ಟಿತು, ಬಯಲು ಮೊದಲೇ ಬೋಳಾಗಿತ್ತು. ಮೇಲಿಂದ ಭೀಕರ ಚಳಿಗಾಲ. ಹಸಿದ ದನಗಳು ಗಾಳಿಗೆ ಬೆನ್ನು ಮಾಡಿ ನಡೆಯುತ್ತಾ ಹೋಗಿ ತಂತಿಬೇಲಿಗೆ ಅಡ್ಡಸಿಕ್ಕಿ ರಾಶಿರಾಶಿಯಾಗಿ ಸತ್ತವು. ವಸಂತದಲ್ಲಿ ಹಿಮ ಕರಗಿದಾಗ ಹಳ್ಳಗಳ ತುಂಬ ಹೆಣ. ದನ ಕಾಯುವವರು ಆ ಚಳಿಗಾಲವನ್ನು ‘ಗ್ರೇಟ್ ಡೈ-ಅಪ್’ ಅಂತ ಕರೆದರು. ದನಗಳನ್ನು ಒಟ್ಟುಗೂಡಿಸುವುದಕ್ಕೆ ಅಲ್ಲಿ ‘ರೌಂಡ್-ಅಪ್’ ಅನ್ನುತ್ತಾರಲ್ವಾ, ಅದನ್ನೇ ತಿರುಚಿದ ಕಹಿ ತಮಾಷೆ.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಜೀವವಿಜ್ಞಾನಿ, ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗಿಯೇ ತೀರುತ್ತದೆ ಅಂತ ವಾದಿಸಿ ಪ್ರಸಿದ್ಧನಾದ. ಅವನು ವರ್ಣಿಸಿದ್ದು ನಿಜವಾಗಿ ಲೆಕ್ಕವೇ ಇಲ್ಲದ ಬಯಲನ್ನು. ಎಲಿನರ್ ಆಸ್ಟ್ರಮ್ ಎಂಬ ಅಮೆರಿಕದ ಸಂಶೋಧಕಿ ಜಗತ್ತಿನ ಬೇರೆ ಬೇರೆ ಕಡೆ ಹಂಚಿಕೊಂಡ ನೀರು, ಕಾಡು, ಹುಲ್ಲುಗಾವಲುಗಳ ಉದಾಹರಣೆಗಳನ್ನು ಕಲೆಹಾಕಿ ಬೇರೆಯದನ್ನೇ ತೋರಿಸಿದರು. ಯಾರು ಬಳಸಬಹುದು, ಎಷ್ಟು ಬಳಸಬಹುದು, ಯಾರು ಎಣಿಸುತ್ತಾರೆ, ತಪ್ಪಿದರೆ ಏನು ದಂಡ, ಇವನ್ನು ಬಳಸುವವರೇ ಕೂತು ತೀರ್ಮಾನಿಸಿಕೊಂಡ ಕಡೆ ಹಂಚಿಕೆ ನೂರಾರು ವರ್ಷ ನಡೆದಿದೆ. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಬಹುಮಾನ ಪಡೆದ ಮೊದಲ ಮಹಿಳೆ ಅವರೇ.

ರಾಂಚರ್‌ಗಳು, ಅಂದರೆ ದೊಡ್ಡ ಬಯಲಲ್ಲಿ ದನ ಕುರಿ ಸಾಕುವವರು, ನೊಬೆಲ್ ಬರುವ ತನಕ ಕಾಯಲಿಲ್ಲ. ವಯೋಮಿಂಗ್‌ನ ನೈಋತ್ಯ ಭಾಗದ ನಕ್ಷೆ ನೋಡಿದರೆ ಚದುರಂಗದ ಹಾಸಿನ ಥರ ಕಾಣುತ್ತದೆ. ರೈಲು ಹಾಕಿದ ಕಂಪನಿಗೆ ಸರ್ಕಾರ ಹಳಿಯ ಎರಡೂ ಬದಿಗೆ ಒಂದು ಬಿಟ್ಟು ಒಂದರಂತೆ ಚದರ ಮೈಲಿಗಳನ್ನು, ಅಂದರೆ 640 ಎಕರೆಯ ಮನೆಗಳನ್ನು ಕೊಟ್ಟಿತ್ತು. ಕಪ್ಪು ಮನೆ ಖಾಸಗಿ, ಬಿಳಿ ಮನೆ ಸರ್ಕಾರಿ. ಒಂದೊಂದು ಮನೆಗೂ ಬೇಲಿ ಹಾಕುತ್ತೇನೆ ಅಂದರೆ ಹುಲ್ಲಿಗಿಂತ ತಂತಿಯ ಖರ್ಚೇ ಜಾಸ್ತಿ. 1907ರಲ್ಲಿ ಅಲ್ಲಿನವರು ರಾಕ್ ಸ್ಪ್ರಿಂಗ್ಸ್ ಗ್ರೇಜಿಂಗ್ ಅಸೋಸಿಯೇಷನ್ ಕಟ್ಟಿಕೊಂಡರು. ರೈಲ್ವೆಯ ಕಪ್ಪು ಮನೆಗಳನ್ನು ಒಟ್ಟಿಗೆ ಗುತ್ತಿಗೆಗೆ ಹಿಡಿದು, ನಡುವಿನ ಸರ್ಕಾರಿ ಮನೆಗಳ ಜೊತೆ ಸೇರಿಸಿ, ಚಳಿಗಾಲಕ್ಕೆ ಎಲ್ಲರೂ ಸೇರಿ ಮೇಯಿಸುವ ಬಯಲು ಮಾಡಿಕೊಂಡರು. ಆ ಸಂಘ ಈಗಲೂ ಇದೆ.

ಇದಕ್ಕಿಂತ ಚಿಕ್ಕ, ಆದರೆ ಜಾಸ್ತಿ ಪರಿಣಾಮ ಬೀರಿದ ಪ್ರಯೋಗ ಮೊಂಟಾನಾದ ಆಗ್ನೇಯ ಮೂಲೆಯದ್ದು. ಮಿಜ್ಪಾ ಮತ್ತು ಪಂಪ್‌ಕಿನ್ ಅನ್ನೋ ಎರಡು ಹಳ್ಳಗಳ ನಡುವಿನ ಸುಮಾರು 1,08,000 ಎಕರೆ. ಬರಗಾಲಕ್ಕೆ ಹೆದರಿ ಹೋಮ್‌ಸ್ಟೆಡ್‌ನವರು ಬಿಟ್ಟುಹೋದ ತುಂಡುಗಳು, ರೈಲ್ವೆ ಜಮೀನು, ಸರ್ಕಾರಿ ನೆಲ, ರಾಂಚರ್‌ಗಳ ಸ್ವಂತ ಜಮೀನು ಎಲ್ಲ ಕಲಸುಮೇಲೋಗರ. 1928ರಲ್ಲಿ ಸಂಸತ್ತು ಇದಕ್ಕೆಂದೇ ಒಂದು ಕಾಯ್ದೆ ಮಾಡಿ, ಇಡೀ ಪ್ರದೇಶವನ್ನು ಸ್ಥಳೀಯ ರಾಂಚರ್‌ಗಳ ಸಂಘ ಒಂದೇ ಘಟಕವಾಗಿ ನೋಡಿಕೊಳ್ಳಲು ಬಿಟ್ಟಿತು. ಯಾರ ಪಾಲಿಗೆ ಎಷ್ಟು ದನ ಅಂತ ಗೊತ್ತಾಯಿತು. ನೀರಿನ ಕಟ್ಟೆಗಳಾದವು. ಕೆಲವೇ ವರ್ಷಗಳಲ್ಲಿ ಅದೇ ನೆಲ ಮೊದಲಿಗಿಂತ ಎಷ್ಟೋ ಹೆಚ್ಚು ದನಗಳನ್ನು ಹೊರುವಂತಾಯಿತು. ಪೊವೆಲ್ ಹೇಳಿದ 50 ವರ್ಷದ ಮೇಲೆ!

1934ರ ಮೇ ತಿಂಗಳಲ್ಲಿ ಒಳನಾಡಿನ ಧೂಳು ಎದ್ದು ಪೂರ್ವ ಕರಾವಳಿಯವರೆಗೂ ಹೋಯಿತು. ಅದೇ ಜೂನ್ 28ಕ್ಕೆ ಟೇಲರ್ ಗ್ರೇಜಿಂಗ್ ಕಾಯ್ದೆಗೆ ಸಹಿ ಬಿತ್ತು. ಮಿಜ್ಪಾ ಮಾದರಿ ಅದರ ಹಿಂದೆ ಇತ್ತು. ಸರ್ಕಾರಿ ಬಯಲನ್ನೆಲ್ಲ ಮೇವಿನ ಜಿಲ್ಲೆಗಳಾಗಿ ವಿಂಗಡಿಸಿ, ಪರ್ಮಿಟ್ ಕೊಟ್ಟು, ಶುಲ್ಕ ವಿಧಿಸುವ ಪದ್ಧತಿ ಶುರುವಾಯಿತು. ಇಂದು ಈ ಕೆಲಸ ಕೇಂದ್ರ ಸರ್ಕಾರದ ಇಲಾಖೆಯಾದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನದ್ದು. ಅದರ ಕೈಯಲ್ಲಿ ಮೇಯಿಸಲು ಬಿಟ್ಟ ನೆಲವೇ ಸುಮಾರು 15.5 ಕೋಟಿ ಎಕರೆ ಇದೆ. ಒಂದು ಮಾತು ಮಾತ್ರ ಹೇಳಲೇಬೇಕು. ಪರ್ಮಿಟ್‌ನಲ್ಲಿ ಮೊದಲ ಆದ್ಯತೆ ಸಿಕ್ಕಿದ್ದು ಹತ್ತಿರದಲ್ಲಿ ಸ್ವಂತ ಜಮೀನು ಅಥವಾ ನೀರು ಇದ್ದವರಿಗೆ. ಜಮೀನಿಲ್ಲದೆ ಕುರಿಮಂದೆ ಹೊಡೆದುಕೊಂಡು ಊರೂರು ಅಲೆಯುತ್ತಿದ್ದವರು ಪುಸ್ತಕದಿಂದಲೇ ಹೊರಗುಳಿದರು. ಲೆಕ್ಕ ಶುರುಮಾಡುವಾಗ ಯಾರ ಹೆಸರು ಬರೆಯುತ್ತೇವೆ ಅನ್ನೋದರಲ್ಲೇ ಅರ್ಧ ನ್ಯಾಯ ಮುಗಿದುಹೋಗಿರುತ್ತದೆ.

ಈಗ ಆ ಪುಸ್ತಕವನ್ನೇ ತೆರೆದು ನೋಡೋಣ.

ಅದರ ನಾಣ್ಯದ ಹೆಸರು ‘ಎಯುಎಂ’, ಅಂದರೆ ‘ಅನಿಮಲ್ ಯುನಿಟ್ ಮಂತ್’. ಒಂದು ಹಸು ಮತ್ತು ಅದರ ಕರು ಒಂದು ತಿಂಗಳು ತಿನ್ನುವಷ್ಟು ಮೇವು ಒಂದು ಎಯುಎಂ. ಕುದುರೆಯಾದರೆ ಒಂದು, ಕುರಿ ಮೇಕೆಯಾದರೆ ಐದು ಸೇರಿ ಒಂದು. ಬಯಲಿನ ಹುಲ್ಲು ವರ್ಷಕ್ಕೆ 1,200 ಎಯುಎಂ ಕೊಡುತ್ತದೆ ಅಂತ ಅಂದಾಜು ಆದರೆ, 300 ಹಸುಗಳನ್ನು ನಾಲ್ಕು ತಿಂಗಳು ಬಿಡಬಹುದು, ಅಥವಾ 200 ಹಸುಗಳನ್ನು ಆರು ತಿಂಗಳು. ಮೂರು ಮನೆಯವರು ಹಂಚಿಕೊಂಡರೆ ಯಾರಿಗೆಷ್ಟು? ಸಾಮಾನ್ಯವಾಗಿ ಯಾರ ಜಮೀನಿನಿಂದ ಎಷ್ಟು ಮೇವು ಈ ಒಟ್ಟಿಗೆ ಸೇರಿದೆಯೋ ಆ ಪ್ರಮಾಣದಲ್ಲಿ. ಎಕರೆ ಪ್ರಕಾರ ಹಂಚಿದರೆ ಜಗಳ ಖಂಡಿತ. ಹಳ್ಳದ ಪಕ್ಕದ 100 ಎಕರೆ, ಕಲ್ಲುಗುಡ್ಡದ 1,000 ಎಕರೆಗಿಂತ ಜಾಸ್ತಿ ಮೇವು ಕೊಡಬಹುದು.

ಅಂದಾಜು ಮಾಡಿದ ಹುಲ್ಲನ್ನೆಲ್ಲ ದನಕ್ಕೆ ಬರೆದುಕೊಡುವಂತಿಲ್ಲ. ‘ಅರ್ಧ ತಗೋ, ಅರ್ಧ ಬಿಡು’ ಅನ್ನೋದು ಅಲ್ಲಿನವರ ಬಾಯಲ್ಲಿರುವ ಮಾತು. ಇದರ ಕಾರಣ ನೆಲದ ಕೆಳಗಿದೆ. ಒಂದು ಹುಲ್ಲಿನ ಗುಪ್ಪೆಯನ್ನು ಬೇರು ಸಮೇತ ಕಿತ್ತು ನೋಡಿದರೆ ಮೇಲೆ ಕಾಣುವಷ್ಟೇ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ಕೆಳಗಿರುತ್ತದೆ. ಎಲೆ ಅಡುಗೆಮನೆ, ಬೇರು ಉಗ್ರಾಣ. ಅರ್ಧದಷ್ಟು ಎಲೆ ಮೇದರೆ ಬೇರಿಗೆ ಅದು ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಶೇಕಡ 80ರಷ್ಟು ಮೇದುಬಿಟ್ಟರೆ ಬೇರಿನ ಬೆಳವಣಿಗೆ ದಿನಗಟ್ಟಲೆ ಪೂರ್ತಿ ನಿಂತುಹೋಗುತ್ತದೆ. ಅಷ್ಟರಲ್ಲಿ ಚಿಗುರಿದ್ದನ್ನು ಹಸು ಬಂದು ಮತ್ತೆ ಕಚ್ಚಿತು ಅಂದರೆ ಗುಪ್ಪೆ ಉಗ್ರಾಣವನ್ನೇ ಕರಗಿಸಿಕೊಂಡು ಬದುಕಬೇಕು. ಎರಡು ಮೂರು ವರ್ಷ ಹೀಗೇ ಆದರೆ ಒಳ್ಳೆಯ ಹುಲ್ಲು ಸತ್ತು, ದನ ಮುಟ್ಟದ ಕಳೆ ಆ ಜಾಗಕ್ಕೆ ಬರುತ್ತದೆ. ಹಾಗಾಗಿ ಎಷ್ಟು ದನ ಅನ್ನೋದಷ್ಟೇ ಪ್ರಶ್ನೆ ಅಲ್ಲ. ಮೇದ ಜಾಗಕ್ಕೆ ಎಷ್ಟು ದಿನ ರಜೆ ಸಿಕ್ಕಿತು ಅನ್ನೋದು ಅಷ್ಟೇ ಮುಖ್ಯ.

ಇಲ್ಲೇ ಹಂಚಿಕೊಳ್ಳುವವರಿಗೆ ದೊಡ್ಡ ಲಾಭ ಇರುವುದು. ಒಬ್ಬನ ಬಳಿ 2,000 ಎಕರೆ ಇದ್ದರೆ ಯಾವ ಮೂಲೆಗೂ ಪೂರ್ತಿ ರಜೆ ಕೊಡಲು ಆಗುವುದಿಲ್ಲ. ಐದು ಜನರ ಜಮೀನು ಸೇರಿ 10,000 ಎಕರೆ ಆದರೆ, ಎಲ್ಲರ ದನವನ್ನೂ ಒಂದೇ ಮಂದೆ ಮಾಡಿ, ಈ ತಿಂಗಳು ಇಲ್ಲಿ ಮುಂದಿನ ತಿಂಗಳು ಅಲ್ಲಿ ಅಂತ ಸರಿಸುತ್ತಾ, ವರ್ಷಕ್ಕೊಂದು ಭಾಗವನ್ನು ಮುಟ್ಟದೆ ಬಿಡಬಹುದು. ಆದರೆ ಬೇಲಿ ಇಲ್ಲದೆ ದನವನ್ನು ಒಂದು ಕಡೆ ನಿಲ್ಲಿಸುವುದು ಹೇಗೆ? ನೀರು ಮತ್ತು ಉಪ್ಪಿನಿಂದ. ಹಸು ನೀರಿನಿಂದ ಒಂದೆರಡು ಮೈಲಿಗಿಂತ ದೂರ ಹೋಗಲು ಒಲ್ಲೆ ಅನ್ನುತ್ತದೆ, ಕಡಿದಾದ ಗುಡ್ಡ ಹತ್ತಲು ಸೋಮಾರಿ. ಬಿಟ್ಟರೆ ಬೇಸಿಗೆಯಿಡೀ ಹಳ್ಳದಲ್ಲೇ ನಿಂತು ದಡವನ್ನು ತುಳಿದು ಕೆಸರು ಮಾಡುತ್ತದೆ. ಆದ್ದರಿಂದ ಮೇಲಿನ ಇಳಿಜಾರಿನಲ್ಲಿ ತೊಟ್ಟಿ ಕಟ್ಟಿ ಪೈಪಿನಲ್ಲಿ ನೀರು ಬಿಡುತ್ತಾರೆ. ಉಪ್ಪಿನ ಗಟ್ಟಿಯನ್ನು ನೀರಿನ ಪಕ್ಕ ಇಡುವುದಿಲ್ಲ, ಬೇಕಂತಲೇ ದೂರದ ದಿಣ್ಣೆಯ ಮೇಲೆ ಇಡುತ್ತಾರೆ. ಒಂದು ಕಡೆಯ ತೊಟ್ಟಿಯ ನಲ್ಲಿ ಮುಚ್ಚಿ ಇನ್ನೊಂದನ್ನು ತೆರೆದರೆ ಮಂದೆ ತಾನಾಗಿ ಆ ಕಡೆ ಸರಿಯುತ್ತದೆ. ಉಳಿದ ಕೆಲಸ ಕುದುರೆ ಮೇಲಿನ ದನಗಾಹಿಯದ್ದು. ಸಂಘಗಳು ಇವರನ್ನು ಎಲ್ಲರ ಪರವಾಗಿ ಸಂಬಳಕ್ಕೆ ಇಟ್ಟುಕೊಳ್ಳುತ್ತವೆ. ದನ ಎಷ್ಟಿವೆಯೋ ಆ ಲೆಕ್ಕದಲ್ಲಿ ಸಂಬಳಕ್ಕೆ ವಂತಿಗೆ.

ಈಗೀಗ ಕೊರಳಪಟ್ಟಿಯ ಬೇಲಿಯೂ ಬಂದಿದೆ. ಜಿಪಿಎಸ್ ಇರುವ ಪಟ್ಟಿ, ಗೆರೆ ಹತ್ತಿರ ಬಂದರೆ ಶಬ್ದ, ದಾಟಿದರೆ ಸಣ್ಣ ಶಾಕ್. ಕೆಲಸ ಮಾಡುತ್ತದೆ, ಆದರೆ ದುಬಾರಿ.

ಅಂದ ಹಾಗೆ, ಹಸುವನ್ನು ತಡೆಯಲು ಯಾವಾಗಲೂ ಗಟ್ಟಿ ವಸ್ತುವೇ ಬೇಕಂತಿಲ್ಲ. ರಸ್ತೆ ಬೇಲಿಯನ್ನು ದಾಟುವ ಜಾಗದಲ್ಲಿ ಹೊಂಡ ತೋಡಿ ಮೇಲೆ ಕಬ್ಬಿಣದ ಕೊಳವೆಗಳನ್ನು ಅಡ್ಡಡ್ಡ ಹಾಸಿರುತ್ತಾರೆ. ಕಾರು ದಡದಡ ಅಂತ ದಾಟಿಹೋಗುತ್ತದೆ, ಹಸು ಕಾಲು ಸಿಕ್ಕಿಬೀಳುತ್ತದೆ ಅಂತ ಹತ್ತಿರ ಬರುವುದಿಲ್ಲ. ಕೆಲವು ಕಡೆ ಹೊಂಡವೂ ಇಲ್ಲ, ಕೊಳವೆಯೂ ಇಲ್ಲ. ಟಾರಿನ ಮೇಲೆ ಬಿಳಿ ಪಟ್ಟೆ ಬಳಿದಿರುತ್ತಾರೆ ಅಷ್ಟೇ. ಅದನ್ನು ನೋಡಿಯೂ ಎಷ್ಟೋ ಹಸುಗಳು ನಿಂತುಬಿಡುತ್ತವೆ!

ಹಂಚಿಕೆಯಲ್ಲಿ ನಿಜವಾಗಿ ಜಗಳ ಹುಟ್ಟುವುದು ಹುಲ್ಲಿನಿಂದಲ್ಲ, ಹೋರಿಯಿಂದ. ಎಲ್ಲರ ಹಸುಗಳೂ ಒಂದೇ ಬಯಲಲ್ಲಿ ಇರುವಾಗ ಯಾವ ಹೋರಿ ಯಾವ ಹಸುವಿನ ಹಿಂದೆ ಹೋಯಿತು ಅಂತ ಯಾರು ನೋಡುತ್ತಾರೆ? ಹೆಚ್ಚುಕಡಿಮೆ 20-25 ಹಸುವಿಗೆ ಒಂದು ಹೋರಿ ಬೇಕು. ಒಬ್ಬ ದುಡ್ಡು ಸುರಿದು ಒಳ್ಳೆ ತಳಿಯ ಹೋರಿ ತಂದು ಬಿಡುತ್ತಾನೆ. ಇನ್ನೊಬ್ಬ ಹೋರಿಯನ್ನೇ ಬಿಡದೆ ಅವನ ಹೋರಿಯಿಂದ ಕರು ಪಡೆಯುತ್ತಾನೆ. ಅದಕ್ಕೇ ಇಷ್ಟು ಹಸುವಿಗೆ ಇಷ್ಟು ಹೋರಿ, ಇಂಥ ತಳಿ, ಇಂಥ ದಿನಾಂಕಕ್ಕಿಂತ ಮೊದಲು ಬಿಡಬಾರದು ಅಂತ ಒಪ್ಪಂದದಲ್ಲೇ ಬರೆದುಕೊಳ್ಳುತ್ತಾರೆ. ಇದಕ್ಕಿಂತ ದೊಡ್ಡ ಭಯ ‘ಟ್ರಿಕ್’ ಅಂತ ಅವರು ಕರೆಯುವ ರೋಗ, ಟ್ರೈಕೊಮೊನಿಯಾಸಿಸ್. ಕೂಡುವಾಗ ಹರಡುತ್ತದೆ. ಹೋರಿ ನೋಡಲು ಗುಂಡುಕಲ್ಲಿನ ಹಾಗಿರುತ್ತದೆ, ಒಂದು ಲಕ್ಷಣವೂ ಇಲ್ಲ. ಹಸುಗಳು ಗಬ್ಬ ಕಟ್ಟಿ, ಕೆಲವು ವಾರಕ್ಕೇ ಕಳೆದುಕೊಳ್ಳುತ್ತವೆ. ಗೊತ್ತಾಗುವುದು ಶರತ್ಕಾಲದಲ್ಲಿ, ಹಸುಗಳನ್ನು ಪರೀಕ್ಷೆ ಮಾಡಿದಾಗ. ಬೇಲಿ ಇಲ್ಲದ ಬಯಲಲ್ಲಿ ಒಬ್ಬನ ಉದಾಸೀನ ಎಲ್ಲರ ಒಂದು ವರ್ಷದ ಕರುಗಳನ್ನು ನುಂಗಿಬಿಡುತ್ತದೆ. ಪರೀಕ್ಷೆಯ ಚೀಟಿ ಇಲ್ಲದ ಹೋರಿಗೆ ಪ್ರವೇಶ ಇಲ್ಲ ಅಂತ ಸಂಘಗಳು ಹಟ ಹಿಡಿಯುವುದು ಸುಮ್ನೆ ಅಲ್ಲ.

ಇಷ್ಟು ಹೊತ್ತು ದನದ ಕಡೆಯಿಂದ ನೋಡಿದೆವು. ನೆಲದ ಕಡೆಯಿಂದ ನೋಡಿದರೆ ಹಂಚಿಕೆಗೆ ಇನ್ನೊಂದು ಮುಖ ಇದೆ. ಅದಕ್ಕೆ ಮಾಲ್ಪೈ ಬಾರ್ಡರ್‌ಲ್ಯಾಂಡ್ಸ್ ಗ್ರೂಪ್‌ಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಅರಿಜೋನಾ, ನ್ಯೂ ಮೆಕ್ಸಿಕೊ ಎರಡೂ ಮೆಕ್ಸಿಕೊ ಗಡಿಯನ್ನು ಮುಟ್ಟುವ ಮೂಲೆಯಲ್ಲಿ ಸುಮಾರು 8 ಲಕ್ಷ ಎಕರೆ. ಅಲ್ಲಿನ ರಾಂಚರ್‌ಗಳನ್ನು ಒಟ್ಟಿಗೆ ಕೂರಿಸಿದ್ದು ಬೆಂಕಿ. ಹುಲ್ಲುಗಾವಲಿಗೆ ಆಗಾಗ ಬೆಂಕಿ ಬೀಳಬೇಕು. ಇಲ್ಲದಿದ್ದರೆ ಮೆಸ್ಕೀಟ್, ಜುನಿಪರ್‌ನಂಥ ಪೊದೆಗಳು ಏರಿಬಂದು ಹುಲ್ಲನ್ನು ಮುಚ್ಚಿಹಾಕುತ್ತವೆ. ಸರ್ಕಾರಿ ಇಲಾಖೆಗಳಿಗೆ ಮಾತ್ರ ಕಂಡ ಬೆಂಕಿಯನ್ನೆಲ್ಲ ಆರಿಸುವ ಅಭ್ಯಾಸ. 1990ರ ದಶಕದ ಮೊದಲಲ್ಲಿ ಉರಿಯಲಿ ಬಿಡಿ ಅಂತ ರಾಂಚರ್ ಕೇಳಿಕೊಂಡರೂ ಒಂದು ಬೆಂಕಿಯನ್ನು ಆರಿಸಿದರು. ಅಕ್ಕಪಕ್ಕದವರು ಅಡುಗೆಮನೆ ಮೇಜಿನ ಸುತ್ತ ಕೂತು ಮಾತಾಡತೊಡಗಿದರು. ವಿಜ್ಞಾನಿಗಳನ್ನೂ ಪರಿಸರವಾದಿಗಳನ್ನೂ ಕರೆದರು. 1994ರಲ್ಲಿ ಅದು ಸಂಘವಾಯಿತು.

ಅವರು ಮಾಡಿದ ಜಾಣ ಕೆಲಸದ ಹೆಸರು ‘ಗ್ರಾಸ್‌ಬ್ಯಾಂಕ್’, ಹುಲ್ಲಿನ ಬ್ಯಾಂಕು. ಅದೇ ಪ್ರದೇಶದಲ್ಲಿ 3 ಲಕ್ಷ ಎಕರೆಗೂ ದೊಡ್ಡದಾದ ಗ್ರೇ ರಾಂಚ್ ಇತ್ತು. ಬರ ಬಂದು ಒಬ್ಬ ರಾಂಚರ್‌ನ ಹುಲ್ಲು ಸೋತಾಗ ಅವನು ತನ್ನ ದನವನ್ನು ಗ್ರೇ ರಾಂಚ್‌ಗೆ ಹೊಡೆಯಬಹುದು. ಅವನ ನೆಲಕ್ಕೆ ರಜೆ. ಬಾಡಿಗೆಯನ್ನು ಅವನು ಹಣದಲ್ಲಿ ಕೊಡುವುದಿಲ್ಲ. ತನ್ನ ಜಮೀನನ್ನು ಇನ್ನು ಮುಂದೆ ಸೈಟುಗಳಾಗಿ ತುಂಡು ಮಾಡುವುದಿಲ್ಲ ಅಂತ ಕಾನೂನಿನ ಕಟ್ಟು ಹಾಕಿಕೊಡುತ್ತಾನೆ. ಆ ಹಕ್ಕಿನ ಬೆಲೆ ಎಷ್ಟಾಗುತ್ತದೋ ಅಷ್ಟು ಬೆಲೆಯ ಹುಲ್ಲು ಅವನಿಗೆ ಸಿಗುತ್ತದೆ. ಜಮೀನು ಅವನದ್ದೇ, ಮಾರಬಹುದು, ಮಕ್ಕಳಿಗೂ ಕೊಡಬಹುದು. ಆದರೆ ಕೊಂಡವನಿಗೂ ಮಕ್ಕಳಿಗೂ ಆ ಕಟ್ಟು ಅನ್ವಯಿಸುತ್ತದೆ. ಮೊಂಟಾನಾದ 60,000 ಎಕರೆಯ ಮ್ಯಾಟಡೋರ್ ರಾಂಚ್‌ನಲ್ಲಿ ಇದೇ ಬ್ಯಾಂಕು ಸ್ವಲ್ಪ ಬೇರೆ ಥರ ನಡೆಯುತ್ತದೆ. ನಿಮ್ಮ ಸ್ವಂತ ಜಮೀನಿನಲ್ಲಿ ಹುಲ್ಲುನೆಲ ಉಳದೆ ಬಿಟ್ಟರೆ, ಸೇಜ್ ಗ್ರೌಸ್ ಅನ್ನೋ ಬಯಲಿನ ಹಕ್ಕಿಗಳಿಗೆ ಅನುಕೂಲ ಮಾಡಿದರೆ, ಇಲ್ಲಿ ಮೇಯಿಸುವ ಶುಲ್ಕದಲ್ಲಿ ರಿಯಾಯಿತಿ.

ಮಾಲ್ಪೈ ಕಡೆಯ ಇನ್ನೊಂದು ಸಂಗತಿ ನನಗೆ ಮರೆಯುವುದೇ ಇಲ್ಲ. ಚಿರಿಕಾವಾ ಲೆಪರ್ಡ್ ಕಪ್ಪೆ ಅಂತ ಅಳಿವಿನಂಚಿನ ಒಂದು ಕಪ್ಪೆ ಇದೆ. ಅದು ದನಗಳಿಗೆಂದು ಕಟ್ಟಿದ ಮಣ್ಣಿನ ಕಟ್ಟೆಗಳಲ್ಲೇ ಉಳಿದುಕೊಂಡಿತ್ತು. 1990ರ ದಶಕದ ಮಧ್ಯದ ಬರದಲ್ಲಿ ಕಟ್ಟೆ ಬತ್ತತೊಡಗಿತು. ಅಲ್ಲಿನ ಒಂದು ರಾಂಚ್ ಕುಟುಂಬ ವಾರಕ್ಕೆ ಸಾವಿರ ಗ್ಯಾಲನ್, ಅಂದರೆ 3,800 ಲೀಟರ್ ನೀರನ್ನು ಟ್ರಕ್ಕಿನಲ್ಲಿ ಹೊತ್ತು ತಂದು ಕಟ್ಟೆಗೆ ಸುರಿಯಿತು. ದನಕ್ಕಲ್ಲ, ಕಪ್ಪೆಗೆ.

ಬೇಲಿ ಕಡಿಮೆಯಾದರೆ ಕಾಡುಪ್ರಾಣಿಗಳಿಗೂ ಅನುಕೂಲ. ಪ್ರಾಂಗ್‌ಹಾರ್ನ್ ಅನ್ನೋ ಜಿಂಕೆಯಂಥ ಪ್ರಾಣಿ ಗಾಳಿಯ ಹಾಗೆ ಓಡುತ್ತದೆ, ಆದರೆ ಬೇಲಿಯನ್ನು ಹಾರುವ ಅಭ್ಯಾಸ ಇಲ್ಲ, ಕೆಳಗೆ ನುಸುಳಲು ನೋಡುತ್ತದೆ. ಮುಳ್ಳಿಗೆ ಬೆನ್ನು ತರಚಿ ಕೂದಲು ಕಿತ್ತುಬರುತ್ತದೆ. ಅದಕ್ಕೇ ಬೇಲಿ ಬೇಕೇ ಬೇಕು ಅನ್ನುವ ಕಡೆ ಕೆಳಗಿನ ಎಳೆಗೆ ಮುಳ್ಳಿಲ್ಲದ ತಂತಿ ಹಾಕಿ, ನೆಲದಿಂದ ಒಂದೂವರೆ ಅಡಿಯಷ್ಟು ಮೇಲೆತ್ತುತ್ತಾರೆ.

ಇದೆಲ್ಲ ಕೇಳಿ ಎಲ್ಲರೂ ಸುಖವಾಗಿದ್ದಾರೆ ಅಂದುಕೊಳ್ಳಬೇಡಿ. ಸರ್ಕಾರಿ ಬಯಲಿನ ಶುಲ್ಕ 2019ರಿಂದ 2025ರವರೆಗೆ ಎಯುಎಂಗೆ 1.35 ಡಾಲರ್. ಅದೇ ಪಶ್ಚಿಮದಲ್ಲಿ ಖಾಸಗಿ ಹುಲ್ಲಿನ ಸರಾಸರಿ ಬಾಡಿಗೆ 20 ಡಾಲರ್ ದಾಟುತ್ತದೆ. ಇದು ಜನರ ದುಡ್ಡಲ್ಲಿ ರಾಂಚರ್‌ಗಳಿಗೆ ಕೊಡುವ ಸಬ್ಸಿಡಿ ಅಂತ ಒಂದು ಕಡೆಯವರು. ಸರ್ಕಾರಿ ನೆಲದಲ್ಲಿ ನೀರು, ಬೇಲಿ, ಕಾವಲು ಎಲ್ಲ ನಮ್ಮ ತಲೆ ಮೇಲೆ ಅಂತ ಇನ್ನೊಂದು ಕಡೆಯವರು. ಇಬ್ಬರ ಮಾತಲ್ಲೂ ಸತ್ಯ ಇದೆ, ಆದರೂ ಅಂತರ ಇಷ್ಟು ದೊಡ್ಡದಿರಬೇಕಿತ್ತಾ ಅನ್ನೋದು ನನ್ನ ಅನುಮಾನ. ಒಣ ನೆಲದಲ್ಲಿ ದನವೇ ಬೇಡ ಅನ್ನುವವರೂ ಇದ್ದಾರೆ. ಕೆಲವು ಹಳ್ಳದ ದಡಗಳ ಮಟ್ಟಿಗೆ ಅವರು ಹೇಳುವುದು ಸರಿ. ಆದರೆ ದನ ಹೋದ ಮೇಲೆ ಆ ಖಾಸಗಿ ಜಮೀನಿಗೆ ಏನಾಗುತ್ತದೆ? ಕೊಲೊರಾಡೊದಲ್ಲಿ 1972ರ ಕಾನೂನಿನ ಪ್ರಕಾರ 35 ಎಕರೆಗಿಂತ ಕಡಿಮೆ ಇಲ್ಲದ ತುಂಡುಗಳಾಗಿ ಒಡೆದರೆ ಲೇಔಟ್ ಅನುಮತಿಯ ರಗಳೆ ಇಲ್ಲ. ಶುರುವಿನಲ್ಲಿ ಹೂಗಿಡ ಕಳೆದುಕೊಂಡವರು 35 ಎಕರೆಯನ್ನೇ ಕೊಂಡದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಅಂಥ ಒಂದೊಂದು ಮನೆಗೂ ಒಂದು ರಸ್ತೆ, ಒಂದು ಬೋರು, ಒಂದು ನಾಯಿ, ಸುತ್ತ ಒಂದು ಬೇಲಿ.

ಹೀಗೆ ಬಯಲು ತುಂಡಾಗದೆ ಉಳಿದ ಕಡೆ ಏನು ಕಾಣುತ್ತದೆ ಅಂತ ನೋಡಬೇಕಾದರೆ ಶರತ್ಕಾಲದಲ್ಲಿ ವಯೋಮಿಂಗ್‌ನ ಗ್ರೀನ್ ರಿವರ್ ಕಣಿವೆಗೆ ಹೋಗಬೇಕು. 1890ರ ದಶಕದಿಂದ ಅಲ್ಲಿನ ರಾಂಚರ್‌ಗಳು ವಸಂತದಲ್ಲಿ ದನಗಳನ್ನು ಒಂದೇ ಹಾದಿಯಲ್ಲಿ ಹೊಡೆದುಕೊಂಡು ಹತ್ತಾರು ಮೈಲಿ ದೂರದ ಬೆಟ್ಟದ ಮೇವಿಗೆ ಒಯ್ಯುತ್ತಾರೆ. ಖಾಸಗಿ ಜಮೀನು, ಸರ್ಕಾರಿ ಬಯಲು, ಕಾಡು ಎಲ್ಲ ದಾಟುವ ಈ ಹಾದಿಗೆ ‘ಗ್ರೀನ್ ರಿವರ್ ಡ್ರಿಫ್ಟ್’ ಅಂತ ಹೆಸರು. 2013ರಲ್ಲಿ ಅಮೆರಿಕ ಸರ್ಕಾರ ಇದನ್ನು ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಿತು. ಹೋಗುವಾಗ ಹೊಡೆಯಬೇಕು, ಬರುವಾಗ ಬೇಕಿಲ್ಲ. ಬೆಟ್ಟದಲ್ಲಿ ಮೊದಲ ಹಿಮ ಬಿದ್ದ ಕೂಡಲೇ ದನಗಳು ತಾವಾಗಿ ಕೆಳಗೆ ಇಳಿಯತೊಡಗುತ್ತವೆ. ಹಳೆಯ ಹಸುಗಳಿಗೆ ದಾರಿ ಗೊತ್ತು, ಕರುಗಳು ಹಿಂದೆ. ಕೆಳಗೆ ಒಂದು ಬೇಲಿ ಅವುಗಳನ್ನು ತಡೆದು ನಿಲ್ಲಿಸುತ್ತದೆ. ಅದರ ಗೇಟಿನಲ್ಲಿ ಕುದುರೆ ಮೇಲೆ ಕೂತವರು ಪಕ್ಕೆಯ ಬರೆ ಗುರುತು, ಕಿವಿಯ ಓಲೆ ನೋಡಿ, ಇದು ಇವರದ್ದು, ಅದು ಅವರದ್ದು ಅಂತ ಬೇರೆ ಮಾಡಿ ಬಿಡುತ್ತಾರೆ. ಬೇಸಿಗೆಯಿಡೀ ಒಂದೇ ಆಗಿದ್ದ ಮಂದೆ ಅಲ್ಲಿ ಮತ್ತೆ ಮನೆಮನೆಯದ್ದಾಗುತ್ತದೆ. ಪುಸ್ತಕದಲ್ಲಿ ಬರೆದದ್ದಕ್ಕೂ ಗೇಟು ದಾಟಿದ್ದಕ್ಕೂ ತಾಳೆ ನೋಡುತ್ತಾರೆ. ಕೆಲವು ಇನ್ನೂ ಬಂದಿರುವುದಿಲ್ಲ. ದನಗಾಹಿಗಳು ಕೋಟಿನ ಗುಂಡಿ ಹಾಕಿಕೊಂಡು, ಅವುಗಳನ್ನು ಹುಡುಕಲು ಮತ್ತೆ ಬೆಟ್ಟ ಹತ್ತುತ್ತಾರೆ.